ಕಡಲೆಕಾಯಿಯ ಬೂಷ್ಟು ವಿಷವೂ ಅದನ್ನು ತಡೆಯುವ ಸಸ್ಯರಸಗಳೂ

ಪೀಠಿಕೆ

ಚಿತ್ರದುರ್ಗ, ತುಮಕೂರು, ಕೋಲಾರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಲ್ಲಿ ಮಳೆಯನ್ನೇ ನಂಬಿ ಬೇಸಾಯ ಮಾಡುವ ಅನೇಕ ರೈತರಿಗೆ ಕಡಲೆಕಾಯಿಯು ಹಣ ತರುವ ಬೆಳೆಯಾಗಿರುತ್ತದೆ. ಕಾಳು ಮನೆಗೂ ಪೇಟೆಗೂ, ಎಣ್ಣೆ ಅಡಿಗೆಗೂ, ಹಿಂಡಿ ಹಾಲು ಕರೆಯುವ ದನಗಳಿಗೂ, ಬಳ್ಳಿ ಮೇವಿಗೂ ಒದಗುವುದರಿಂದ ಈ ಬೆಳೆಯಲ್ಲಿ ಬಿಸಾಡತಕ್ಕ ಭಾಗವೇ ಇಲ್ಲವೆಂದು ಹೇಳುವುದುಂಟು. ಈ ಮಾತಿನಲ್ಲಿ ಒಂದು ಅಪಾಯವೂ ಅಡಗಿರುತ್ತದೆ. ಬೂಷ್ಟು ಹಿಡಿದ ಕಾಯಿಯನ್ನೂ ಬಿಸಾಡಲು ಮನಸ್ಸು ಬಾರದೆ, ಒಳ್ಳೆಯ ಕಾಳನ್ನು ಪೇಟೆಗೆ ಕಳುಹಿಸಿ, ಮುರುಕು ಕಾಳು, ಸುಕ್ಕು ಕಾಳು, ಬಣ್ಣಗೆಟ್ಟ ಕಾಳುಗಳನ್ನು ಮನೆಯ ಚಟ್ನಿಗೂ, ಗಾಣಕ್ಕೂ, ದನಗಳ ಬಾನಿಗೂ ಉಳಿಸಿಕೊಳ್ಳುವ ರೂಢಿಯು ಅನೇಕ ಮನೆಗಳಲ್ಲಿದೆ. ಹೀಗೆ ಉಳಿಸಿಕೊಂಡದ್ದು ಮಿತವ್ಯಯವೆಂದು ತೋರಿದರೂ, ಅದರೊಡನೆ ಕಣ್ಣಿಗೆ ಕಾಣದ ಒಂದು ವಿಷವೂ ಮನೆಯೊಳಕ್ಕೆ ಬರಬಹುದು. ಆ ವಿಷವು ಹುಟ್ಟುವ ಬಗೆಯನ್ನೂ, ಅದನ್ನು ತಡೆಯುವುದರಲ್ಲಿ ಬೇವು ಮೊದಲಾದ ಗಿಡಮರಗಳ ರಸಗಳು ಎಷ್ಟರಮಟ್ಟಿಗೆ ನೆರವಾಗುವುವೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಬೂಷ್ಟಿನ ಸ್ವಭಾವ

ಬೂಷ್ಟೆಂಬುದು ಕೇವಲ ಕೊಳೆಯಲ್ಲ. ಅದು ಅಣಬೆಯ ಜಾತಿಗೆ ಸೇರಿದ ಒಂದು ಜೀವಿ. ಇದಕ್ಕೆ ಬೇರಿಲ್ಲ, ಎಲೆಯಿಲ್ಲ, ಹಸುರು ಬಣ್ಣದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯೂ ಇಲ್ಲ. ಆದಕಾರಣ ಇತರ ಜೀವಿಗಳು ಕೂಡಿಟ್ಟ ಆಹಾರವನ್ನೇ ಇದು ತಿಂದು ಬದುಕಬೇಕು. ಕೂದಲಿಗಿಂತಲೂ ಸಣ್ಣದಾದ ಎಳೆಗಳನ್ನು ಕಾಳಿನೊಳಕ್ಕೆ ಚಾಚಿ, ಅಲ್ಲಿರುವ ಎಣ್ಣೆಯನ್ನೂ ಹಿಟ್ಟನ್ನೂ ಹೀರಿ, ಕಡೆಗೆ ಕಾಳಿನ ಮೇಲೆ ಹುಡಿಯಂತೆ ಬೀಜಕಣಗಳನ್ನು ಹೊರಡಿಸುತ್ತದೆ. ಈ ಕಣಗಳು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಯಾವಾಗಲೂ ಇದ್ದೇ ಇರುತ್ತವೆ. ಇವುಗಳಿಲ್ಲದ ಹೊಲವಾಗಲಿ ಕಣವಾಗಲಿ ಇಲ್ಲವೆಂದೇ ತಿಳಿಯತಕ್ಕದ್ದು.

ಬೂಷ್ಟುಗಳಲ್ಲಿ ಅನೇಕ ಬಗೆಗಳುಂಟು. ಕಡಲೆಕಾಯಿ, ಮುಸುಕಿನ ಜೋಳ, ಕೊಬ್ಬರಿ, ಮೆಣಸಿನಕಾಯಿ, ಹತ್ತಿಯ ಬೀಜ ಇವುಗಳ ಮೇಲೆ ಹಳದಿಯೊಡನೆ ಕೂಡಿದ ಹಸುರು ಹುಡಿಯಾಗಿ ಕಾಣಿಸುವ ಬೂಷ್ಟಿಗೆ ಶಾಸ್ತ್ರಜ್ಞರು ಆಸ್ಪರ್ಜಿಲ್ಲಸ್ ಫ್ಲೇವಸ್ ಎಂದು ಹೆಸರಿಟ್ಟಿದ್ದಾರೆ. ಈ ಬೂಷ್ಟೂ ಇದರ ಹತ್ತಿರದ ಇನ್ನೊಂದು ಬಗೆಯೂ ಕಾಳಿನಲ್ಲಿ ಬೆಳೆಯುತ್ತ, ಅಫ್ಲಟಾಕ್ಸಿನ್ ಎಂಬ ವಿಷವನ್ನು ಅದರಲ್ಲಿ ಸುರಿಸುತ್ತವೆ. ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೂಷ್ಟನ್ನು ಒರಸಿ ಹಾಕಿದರೂ ವಿಷವು ಕಾಳಿನೊಳಗೇ ನಿಂತಿರುತ್ತದೆ. ತೊಳೆದರೆ ಪೂರ್ತಿಯಾಗಿ ಹೋಗುವುದಿಲ್ಲ, ಬೇಯಿಸಿದರೆ ನಾಶವಾಗುವುದಿಲ್ಲ, ಹುರಿದರೆ ಸ್ವಲ್ಪ ಕಡಿಮೆಯಾಗಬಹುದೇ ಹೊರತು ನಿರ್ಮೂಲವಾಗುವುದಿಲ್ಲ.

ವಿಷವು ಬೆಳಕಿಗೆ ಬಂದ ಬಗೆ

1960ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಸಾಕಿದ ಟರ್ಕಿ ಕೋಳಿಯ ಮರಿಗಳು ಲಕ್ಷಕ್ಕೂ ಮೀರಿ ಸತ್ತವು. ಕಾರಣವು ಮೊದಲು ತಿಳಿಯದೆ ಹೋಯಿತು. ವಿಚಾರಿಸಲಾಗಿ, ಸತ್ತ ಮರಿಗಳಿಗೆಲ್ಲಾ ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯನ್ನು ತಿನ್ನಿಸಿದ್ದರೆಂದು ಗೊತ್ತಾಯಿತು. ಮುಂದೆ ನಡೆದ ಶೋಧನೆಯಿಂದ ಮೇಲೆ ಹೇಳಿದ ಬೂಷ್ಟಿನ ವಿಷವೇ ಇದಕ್ಕೆ ಕಾರಣವೆಂದು ಸಿದ್ಧವಾಯಿತು. ಕಡಲೆಕಾಯಿಯ ಬೂಷ್ಟು ಅದಕ್ಕೆ ಮುಂಚೆಯೂ ಇದ್ದೇ ಇತ್ತು. ಅದರಿಂದ ಬಂದ ಸಾವುಗಳಿಗೆ ಮಾತ್ರ ಬೇರೆ ಬೇರೆ ಹೆಸರುಗಳಿದ್ದಿರಬೇಕು.

ನಮ್ಮ ದೇಶದಲ್ಲಿಯೇ 1974ರಲ್ಲಿ ಒಂದು ದಾರುಣವಾದ ಪ್ರಸಂಗವು ನಡೆಯಿತು. ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಮುಸುಕಿನ ಜೋಳದ ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆ ಸುರಿದು ತೆನೆಗಳು ನೆನೆದವು. ನೆನೆದ ಕಾಳನ್ನು ಸರಿಯಾಗಿ ಒಣಗಿಸಲು ಅವಕಾಶವಿಲ್ಲದೆ ಹಾಗೆಯೇ ಕೂಡಿಟ್ಟು, ಬೂಷ್ಟು ಹಿಡಿದ ಆ ಜೋಳವನ್ನೇ ಬಡ ಕುಟುಂಬದವರು ವಾರಗಟ್ಟಲೆ ಉಂಡರು. 150ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆಯೂ ಹೊಟ್ಟೆಯಲ್ಲಿ ನೀರು ತುಂಬುವ ರೋಗವೂ ಹಬ್ಬಿತು. ರೋಗಕ್ಕೆ ಸಿಕ್ಕಿದವರೆಂದು ಲೆಕ್ಕಕ್ಕೆ ಬಂದ 397 ಜನರಲ್ಲಿ 106 ಮಂದಿ ತೀರಿಕೊಂಡರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮನುಷ್ಯರಿಗೆ ರೋಗ ಬರುವುದಕ್ಕೆ ಮುಂಚೆಯೇ ಆ ಹಳ್ಳಿಗಳ ನಾಯಿಗಳು ಅದೇ ರೀತಿಯಲ್ಲಿ ಹೊಟ್ಟೆ ಉಬ್ಬಿ ಸತ್ತಿದ್ದವು. ಆ ಸೂಚನೆಯ ಅರ್ಥವು ಯಾರಿಗೂ ತಿಳಿಯದೆ ಹೋಯಿತು.

ಕರ್ನಾಟಕಕ್ಕೆ ಸಂಬಂಧಪಟ್ಟ ಪ್ರಸಂಗವೂ ಉಂಟು. 1995ರಲ್ಲಿ ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಬಯಲು ನಾಡಿನ ಕೆಲವು ಹಳ್ಳಿಗಳಲ್ಲಿ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಬಿಳಿಜೋಳ ಮತ್ತು ಮುಸುಕಿನ ಜೋಳಗಳ ರೊಟ್ಟಿಯನ್ನುಂಡವರಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗಾಗಿ ಹೊಟ್ಟೆನೋವು, ಹೊಟ್ಟೆಯ ಗುಡುಗುಡು ಶಬ್ದ, ಭೇದಿ ಉಂಟಾದವು. ಅಲ್ಲಿ ಕಾರಣವಾದದ್ದು ಇನ್ನೊಂದು ಜಾತಿಯ ಬೂಷ್ಟು. ಅದರ ವಿಷಕ್ಕೆ ಫ್ಯೂಮೊನಿಸಿನ್ ಎಂದು ಹೆಸರು. ಆ ಕಾಳನ್ನು ಉಣ್ಣುವುದನ್ನು ಬಿಟ್ಟೊಡನೆ ಜನರು ಗುಣವಾದರು. ಈ ಎರಡು ಪ್ರಸಂಗಗಳಲ್ಲಿಯೂ ಕೆಟ್ಟ ಕಾಳನ್ನು ಉಂಡವರು, ಬೇರೆ ಕಾಳನ್ನು ಕೊಳ್ಳಲಾರದ ಬಡವರೇ ಆಗಿದ್ದರು.

ವಿಷದಿಂದಾಗುವ ಹಾನಿ

ಹೆಚ್ಚು ವಿಷವು ಒಮ್ಮೆಗೇ ಸೇರಿದರೆ 1974ರಲ್ಲಾದಂತೆ ಪಿತ್ತಜನಕಾಂಗವು ಕೆಟ್ಟು ಪ್ರಾಣಕ್ಕೇ ಅಪಾಯವಾಗುವುದು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಸೇರಿದರೆ ಅದೇ ಅಂಗದಲ್ಲಿ ಅರ್ಬುದರೋಗವು, ಎಂದರೆ ಕ್ಯಾನ್ಸರ್, ಹುಟ್ಟಬಹುದೆಂದು ಸಿದ್ಧವಾಗಿದೆ. ಕಾಮಾಲೆಯನ್ನುಂಟುಮಾಡುವ ಬಿ ವರ್ಗದ ವೈರಸ್ಸು ದೇಹದಲ್ಲಿರುವವರಿಗೆ ಈ ಭಯವು ಮತ್ತಷ್ಟು ಹೆಚ್ಚು. ಹಸುವಿಗೆ ಕೆಟ್ಟ ಹಿಂಡಿಯನ್ನು ತಿನ್ನಿಸಿದರೆ ವಿಷದ ಒಂದು ಭಾಗವು ರೂಪ ಬದಲಾಯಿಸಿ ಹಾಲಿನಲ್ಲಿ ಇಳಿಯುತ್ತದೆ. ಹೀಗೆ ದನದ ಬಾನಿಗೆ ಹಾಕಿದ ಕೆಟ್ಟ ಕಾಳು ಕೂಸಿನ ಬಟ್ಟಲಿಗೆ ಬಂದು ಸೇರುವುದು. ಗಾಣದಲ್ಲಿ ತೆಗೆದು ಶುದ್ಧಿ ಮಾಡದ ಎಣ್ಣೆಯಲ್ಲಿಯೂ ಸ್ವಲ್ಪ ವಿಷವಿರುತ್ತದೆ. ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ.

ಮಾರಾಟದಲ್ಲಿಯೂ ನಷ್ಟವುಂಟು. ಮುಂದೆ ಶುದ್ಧಿಮಾಡತಕ್ಕ ಕಡಲೆಕಾಯಿಯಲ್ಲಿ ಕಿಲೋಗ್ರಾಂ ಒಂದಕ್ಕೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಕೂಡದೆಂದು ಅಂತರರಾಷ್ಟ್ರೀಯ ಆಹಾರ ನಿಯಮವು ವಿಧಿಸುತ್ತದೆ. ಯೂರೋಪಿನ ದೇಶಗಳಲ್ಲಿ ನೇರವಾಗಿ ತಿನ್ನತಕ್ಕ ಕಡಲೆಕಾಯಿಗೆ ಈ ಮಿತಿಯು 4 ಮೈಕ್ರೋಗ್ರಾಂ ಮಾತ್ರ. 15 ಮೈಕ್ರೋಗ್ರಾಂ ಎಂದರೆ ಎಷ್ಟೆಂಬುದನ್ನು ಹೀಗೆ ಊಹಿಸಬಹುದು: ಕೇವಲ ಒಂದು ಗ್ರಾಂ ವಿಷವು 66 ಟನ್ನು ಕಾಳನ್ನು ಆ ಮಿತಿಗೆ ಮುಟ್ಟಿಸಲು ಸಾಕು. 1974ರ ಪ್ರಸಂಗದಲ್ಲಿ ಪರೀಕ್ಷಿಸಿದ ಜೋಳದಲ್ಲಿ ಇದರ 400ರಿಂದ 1000 ಮಡಿ ವಿಷವಿದ್ದಿತು.

ವಿಷವು ಕೂಡುವ ಮೂರು ಸಮಯಗಳು

ಅಫ್ಲಟಾಕ್ಸಿನ್ ಕಡಲೆಕಾಯಿಯಲ್ಲಿ ಸೇರುವುದಕ್ಕೆ ಮೂರು ಅವಕಾಶಗಳುಂಟು.

ಮೊದಲನೆಯದು ಹೊಲದಲ್ಲಿ. ಕಾಯಿ ಬಲಿಯುವ ಕೊನೆಯ ಮೂರರಿಂದ ಆರು ವಾರಗಳಲ್ಲಿ ಮಳೆ ಕೈಕೊಟ್ಟು ಭೂಮಿ ಕಾದರೆ, ಗಿಡವು ಬಾಡಿ ಕಾಯಿಯ ಸ್ವಾಭಾವಿಕವಾದ ರಕ್ಷಣಾಶಕ್ತಿಯು ಕುಗ್ಗುತ್ತದೆ. ಗೆದ್ದಲು ಮತ್ತು ಗೊಣ್ಣೆಹುಳುಗಳು ಸಿಪ್ಪೆಯನ್ನು ಕೆರೆದು ಗಾಯ ಮಾಡಿದರೆ ಮಣ್ಣಿನಲ್ಲಿರುವ ಬೂಷ್ಟಿಗೆ ಬಾಗಿಲು ತೆರೆದಂತಾಗುವುದು. ಎರಡನೆಯದು ಕಣದಲ್ಲಿ. ಕಿತ್ತ ಕಾಯಿಯನ್ನು ಹಸಿಯಾಗಿಯೇ ರಾಶಿ ಹಾಕಿದರೆ, ಅಥವಾ ಒಣಗುತ್ತಿರುವಾಗ ಮಳೆಗೆ ಸಿಕ್ಕಿದರೆ, ಬೂಷ್ಟು ಬೇಗನೆ ಬೆಳೆಯುತ್ತದೆ. ಮೂರನೆಯದು ಉಗ್ರಾಣದಲ್ಲಿ. ತೇವದ ನೆಲ, ಸೋರುವ ಮಾಡು, ಹುಳುಗಳ ಉಸಿರಿನಿಂದ ಹುಟ್ಟುವ ಕಾವು ಮತ್ತು ತೇವ ಇವುಗಳಿಂದ ಒಣಗಿದ ಕಾಳೂ ಪುನಃ ಮೆತ್ತಗಾಗುವುದು.

ಈ ಬೂಷ್ಟಿಗೆ ವಿಷವನ್ನು ಸುರಿಸಲು ಹಿತವಾದ ಶಾಖವು 25ರಿಂದ 35 ಡಿಗ್ರಿ ಸೆಂಟಿಗ್ರೇಡ್. ನಮ್ಮ ಸೀಮೆಯಲ್ಲಿ ವರ್ಷದ ಬಹುಭಾಗ ಈ ಶಾಖವೇ ಇರುತ್ತದೆ. ಶಾಖವನ್ನು ರೈತನು ಬದಲಾಯಿಸಲಾರನು. ತೇವವನ್ನೂ ಗಾಯವನ್ನೂ ಮಾತ್ರ ತಡೆಯಬಲ್ಲನು. ಮುಂದೆ ಹೇಳುವ ಉಪಾಯಗಳೆಲ್ಲವೂ ಈ ಎರಡನ್ನೇ ಕುರಿತವು.

ಸಸ್ಯರಸಗಳ ಗುಣ

ಕಾಳಿನ ಕಣಜಕ್ಕೆ ಬೇವಿನ ಎಲೆಯನ್ನೂ ಲಕ್ಕಿಸೊಪ್ಪನ್ನೂ ಹಾಕುವ ಪದ್ಧತಿಯು ನಮ್ಮ ಹಿರಿಯರಿಗೆ ಹೊಸದಲ್ಲ. ಬೂಷ್ಟಿನ ವಿಷವು ತಿಳಿದುಬಂದ ಮೇಲೆ ಈ ಬಗೆಯ ಸಸ್ಯಗಳನ್ನು ಶಾಸ್ತ್ರಜ್ಞರು ಪರೀಕ್ಷಿಸುತ್ತ ಬಂದಿದ್ದಾರೆ. ಅವುಗಳ ಕೆಲಸವು ಮೂರು ವಿಧವೆಂದು ಕಂಡುಬಂದಿದೆ.

ಕೆಲವು ಸಸ್ಯಗಳು ಬೂಷ್ಟಿನ ಬೆಳವಣಿಗೆಯನ್ನೇ ನಿಲ್ಲಿಸುತ್ತವೆ. ಲವಂಗ, ದಾಲ್ಚಿನ್ನಿ, ಓಮ, ಮಜ್ಜಿಗೆಹುಲ್ಲು ಇವುಗಳ ಸುಗಂಧ ತೈಲಗಳು ಈ ವರ್ಗಕ್ಕೆ ಸೇರಿದವು. ತೈಲದಲ್ಲಿರುವ ತೀಕ್ಷ್ಣವಾದ ಸತ್ತ್ವವು ಬೂಷ್ಟಿನ ಎಳೆಯ ಪೊರೆಯನ್ನು ಭೇದಿಸುವುದರಿಂದ ಅದರೊಳಗಿನ ಜೀವರಸವು ಸೋರಿಹೋಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನಡೆದ ಪರೀಕ್ಷೆಗಳಲ್ಲಿ ಮಾಕಳಿ ಬೇರಿನ ಪರಿಮಳಕ್ಕೆ ಕಾರಣವಾದ ಸತ್ತ್ವವೇ ಬೀಜದ ಮೇಲೆ ಬರುವ ಬೂಷ್ಟುಗಳನ್ನು ತಡೆಯುವುದೆಂದು ಗೊತ್ತಾಯಿತು. ಉಪ್ಪಿನಕಾಯಿಗೆ ಹಾಕುವ ಬೇರೇ ಇದು. ಆದರೆ ಕಾಡುಗುಡ್ಡಗಳಿಂದ ಮಿತಿಮೀರಿ ಅಗೆದದ್ದರಿಂದ ಮಾಕಳಿಯು ಕ್ಷೀಣಿಸಿರುವುದರಿಂದ, ಉಗ್ರಾಣಕ್ಕೆಂದು ಯಾರೂ ಅದನ್ನು ಅಗೆಯಕೂಡದು.

ಇನ್ನು ಕೆಲವು ಸಸ್ಯಗಳು ಬೂಷ್ಟನ್ನು ಕೊಲ್ಲದೆ, ಅದು ವಿಷ ಮಾಡುವುದನ್ನು ಮಾತ್ರ ತಡೆಯುತ್ತವೆ. ಬೇವಿನ ಎಲೆಯ ರಸವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅಮೆರಿಕದಲ್ಲಿ ನಡೆದು 1988ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇವಿನ ಎಲೆಯ ರಸವನ್ನು ಮುಂಚಿತವಾಗಿ ಸೇರಿಸಿದ ಕಡೆ ಬೂಷ್ಟು ಬೆಳೆದರೂ ವಿಷವು ಬಹುಮಟ್ಟಿಗೆ ಕೂಡಲಿಲ್ಲ. ವಿಷ ಹುಟ್ಟುವುದಕ್ಕೆ ಆರಂಭವಾದ ಮೇಲೆ ಸೇರಿಸಿದ ರಸದಿಂದ ಅಂಥ ಪ್ರಯೋಜನವಾಗಲಿಲ್ಲ. ಇದರಲ್ಲಿ ರೈತನಿಗೆ ದೊಡ್ಡದೊಂದು ಪಾಠವಿದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಪಾಠವು ಹಳೆಯದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್‌ಮನ್‌ರವರು ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ರೂಢಿಗೆ ತಂದಾಗ, ಅದನ್ನು ಮಳೆಗೆ ಮುಂಚೆಯೇ ಗೊನೆಗೆ ಹೊಡೆಯಬೇಕೆಂದು ಕಲಿಸಿದರು. ಕೊಳೆತ ಗೊನೆಗೆ ಹೊಡೆದ ದ್ರಾವಣವು ವ್ಯರ್ಥ. ಬೂಷ್ಟಿನ ವಿಷಕ್ಕೂ ಇದೇ ನಿಯಮ.

ಮೂರನೆಯ ವರ್ಗದ ಸಸ್ಯಗಳು ಆಗಲೇ ಹುಟ್ಟಿದ ವಿಷವನ್ನು ಒಡೆಯುತ್ತವೆ. ಓಮದ ಕಾಳಿನ ನೀರಿನ ಸಾರವೂ ಆಡುಸೋಗೆಯ ಎಲೆಯ ಸಾರವೂ ಪ್ರಯೋಗಶಾಲೆಯಲ್ಲಿ ಈ ಶಕ್ತಿಯನ್ನು ತೋರಿಸಿವೆ. ಆಡುಸೋಗೆಯ ಸಾರವನ್ನು 37 ಡಿಗ್ರಿ ಶಾಖದಲ್ಲಿ ಒಂದು ಹಗಲು ಒಂದು ರಾತ್ರಿ ವಿಷದೊಡನೆ ಇಟ್ಟಾಗ ನೂರಕ್ಕೆ 98ರಷ್ಟು ವಿಷವು ಒಡೆದುಹೋಯಿತೆಂದು ತಮಿಳುನಾಡಿನ ಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದರು. ಇದು ಆಶಾದಾಯಕವಾದ ಸಂಗತಿಯೇ ಸರಿ. ಆದರೆ ಗಾಜಿನ ನಳಿಗೆಯಲ್ಲಿರುವ ವಿಷವು ಬೇರೆ, ಕಾಳಿನ ಒಡಲಿನಲ್ಲಿ ಅಡಗಿರುವ ವಿಷವು ಬೇರೆ. ಅದೂ ಅಲ್ಲದೆ ಆಡುಸೋಗೆಯು ಗರ್ಭಕೋಶವನ್ನು ಸಂಕೋಚಗೊಳಿಸುವ ಗುಣವುಳ್ಳದ್ದಾದ್ದರಿಂದ ಗರ್ಭಿಣಿಯರ ಆಹಾರಕ್ಕಾಗಲಿ ಗಬ್ಬದ ದನಗಳ ಮೇವಿಗಾಗಲಿ ಬೆರಸಕೂಡದು. ಕೆಟ್ಟ ಕಾಳನ್ನು ಮನೆಯಲ್ಲಿ ಸೊಪ್ಪಿನ ರಸದಿಂದ ಶುದ್ಧಿಮಾಡಬಹುದೆಂದು ಯಾರೂ ನಂಬಬಾರದು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಸಸ್ಯರಸವು ಕಾವಲುಗಾರನೇ ಹೊರತು ವೈದ್ಯನಲ್ಲ. ಅದನ್ನು ಎಲ್ಲಿ ಯಾವಾಗ ಹೇಗೆ ಉಪಯೋಗಿಸಬೇಕೆಂಬುದನ್ನು ಕೆಳಗೆ ಹೇಳಿದೆ.

ಹೊಲದಲ್ಲಿ ಮಾಡತಕ್ಕ ಕೆಲಸ

ಕಡಲೆಕಾಯಿಯು ನೆಲದೊಳಗೆ ಬೆಳೆಯುವುದರಿಂದ ಎಲೆಯ ಮೇಲೆ ಹೊಡೆದ ರಸವು ಕಾಯಿಗೆ ತಲುಪುವುದಿಲ್ಲ. ಆದಕಾರಣ ಇಲ್ಲಿ ಬೇವನ್ನು ಮಣ್ಣಿನ ಮೂಲಕವೇ ಕೊಡಬೇಕು. ಕೊನೆಯ ಉಳುಮೆಯಲ್ಲಿ ಎಕರೆಗೆ 100 ಕಿಲೋಗ್ರಾಂ ಬೇವಿನ ಹಿಂಡಿಯನ್ನು ಪುಡಿಮಾಡಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರಸಿ ಹರಡತಕ್ಕದ್ದು. ಇದರಿಂದ ಗೆದ್ದಲಿನ ಉಪದ್ರವವು ತಗ್ಗಿ ಕಾಯಿಗೆ ಗಾಯಗಳು ಕಡಿಮೆಯಾಗುವುವು. ಗೊಬ್ಬರದಿಂದ ಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿದಿಡುವುದು. ಬೂಷ್ಟಿಗೆ ವೈರಿಯಾದ ಟ್ರೈಕೋಡರ್ಮ ಎಂಬ ಒಳ್ಳೆಯ ಬೂಷ್ಟನ್ನು ಇದೇ ಗೊಬ್ಬರದಲ್ಲಿ ಬೆಳೆಸಿ ಕೊಡಬಹುದು. ಬಿತ್ತನೆ ಬೀಜಕ್ಕೂ ಕಿಲೋಗ್ರಾಂ ಒಂದಕ್ಕೆ 4 ಗ್ರಾಂನಂತೆ ಸವರಬಹುದು. ಹೂವಾಡುವ ಕಾಲದಲ್ಲಿ ಎಕರೆಗೆ 200 ಕಿಲೋಗ್ರಾಂ ಜಿಪ್ಸಂ ಹಾಕಿದರೆ ಸುಣ್ಣದ ಸತ್ತ್ವವು ದೊರೆತು ಸಿಪ್ಪೆಯು ಗಟ್ಟಿಯಾಗುತ್ತದೆ. ನೀರಿನ ಅನುಕೂಲವುಳ್ಳವರು ಕಾಯಿ ಬಲಿಯುವಾಗ ಒಂದು ತಂಪು ಕೊಟ್ಟರೆ ಅದಕ್ಕೆ ಸಮನಾದ ರಕ್ಷಣೆಯು ಮತ್ತೊಂದಿಲ್ಲ.

ಮುಸುಕಿನ ಜೋಳ ಮತ್ತು ಬಿಳಿಜೋಳಗಳ ತೆನೆಗಳು ಮೇಲೆಯೇ ಇರುವುದರಿಂದ ಅಲ್ಲಿ ಸಿಂಪರಣೆಗೆ ಅವಕಾಶವುಂಟು. ಹುಳು ಕೊರೆದ ರಂಧ್ರದಿಂದಲೇ ಬೂಷ್ಟು ಒಳಹೊಗುವುದು ಹೆಚ್ಚು. ಬೇವಿನ ಬೀಜದ ಕಷಾಯವು ಹುಳುವನ್ನು ತಡೆದು ಬೂಷ್ಟಿನ ದಾರಿಯನ್ನೂ ಕಟ್ಟುವುದು. ಅದನ್ನು ತಯಾರಿಸುವ ಕ್ರಮವು ಹೀಗೆ:

ವರ್ಷಕ್ಕಿಂತ ಹಳೆಯದಲ್ಲದ, ನೆರಳಿನಲ್ಲಿ ಒಣಗಿಸಿದ ಬೇವಿನ ಬೀಜದ ತಿರುಳು 5 ಕಿಲೋಗ್ರಾಂ ತೆಗೆದುಕೊಂಡು ಒರಳಿನಲ್ಲಿ ಕುಟ್ಟಿ ಪುಡಿ ಮಾಡಬೇಕು. ಪುಡಿಯನ್ನು ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಗಂಟನ್ನು ಹಾಲಿನಂಥ ನೀರು ಬರುವುದು ನಿಲ್ಲುವವರೆಗೂ ಹಿಂಡಿ, ಸೋಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಸೇರಿಸಬೇಕು. ಎಲೆಗೆ ಅಂಟುವುದಕ್ಕಾಗಿ 200 ಗ್ರಾಂ ಸಾಬೂನಿನ ಪುಡಿಯನ್ನು ಕರಗಿಸಿ ಬೆರಸಬೇಕು. ಬಿಸಿಲಿನಲ್ಲಿ ಬೇವಿನ ಸತ್ತ್ವವು ಬೇಗನೆ ಕೆಡುವುದರಿಂದ ಸಂಜೆಯ ಹೊತ್ತು ಸಿಂಪಡಿಸುವುದು ಮೇಲು. ಆ ದಿನ ಮಾಡಿದ್ದನ್ನು ಆ ದಿನವೇ ಮುಗಿಸಬೇಕು.

ಕಣದಲ್ಲಿ ಮಾಡತಕ್ಕ ಕೆಲಸ

ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಗೆಲವು ಕಣದಲ್ಲಿಯೇ ಇದೆ. ಬಲಿತ ಕಾಯಿಯನ್ನು ಹೊತ್ತು ಮೀರದಂತೆ ಕೀಳಬೇಕು. ಕಿತ್ತ ಗಿಡಗಳನ್ನು ತಲೆಕೆಳಗು ಮಾಡಿ, ಕಾಯಿಗಳು ಗಾಳಿ ಬಿಸಿಲುಗಳಿಗೆ ಮೇಲ್ಮುಖವಾಗಿರುವಂತೆ ಸಾಲಾಗಿ ಒಡ್ಡಬೇಕು. ದೊಡ್ಡ ಬಣವೆಯಾಗಿ ಒಟ್ಟಕೂಡದು. ಗುದ್ದಲಿ ತಗುಲಿ ಒಡೆದ ಕಾಯಿ, ಗೆದ್ದಲು ತಿಂದ ಕಾಯಿ, ಸತ್ತ ಗಿಡದ ಕಾಯಿ ಇವುಗಳನ್ನು ಅಲ್ಲಿಯೇ ಬೇರ್ಪಡಿಸಬೇಕು. ಬಿಡಿಸಿದ ಕಾಯಿಯನ್ನು ಬರಿ ನೆಲದ ಮೇಲೆ ಹರಡದೆ ತಾಡಪಾಲಿನ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ರಾತ್ರಿ ಮಂಜು ಬೀಳದಂತೆ ಮುಚ್ಚಬೇಕು.

ಕಾಳಿನಲ್ಲಿ ತೇವವು ನೂರಕ್ಕೆ 7ಕ್ಕೆ ಇಳಿಯುವವರೆಗೂ ಒಣಗಿಸುವುದು ಕ್ಷೇಮ. ಅಲುಗಿಸಿದರೆ ಸಿಪ್ಪೆಯೊಳಗೆ ಕಾಳು ಗಿಲಿಗಿಲಿ ಎನ್ನಬೇಕು. ಹಲ್ಲಿನಲ್ಲಿ ಕಡಿದರೆ ಮೆತ್ತಗಾಗದೆ ಪಟ್ಟನೆ ಮುರಿಯಬೇಕು. ಮುಸುಕಿನ ಜೋಳಕ್ಕೆ ಒಂದು ಸುಲಭವಾದ ಪರೀಕ್ಷೆಯಿದೆ. ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಕಾಳನ್ನೂ ಒಂದೆರಡು ಚಮಚ ಒಣಗಿದ ಉಪ್ಪನ್ನೂ ಹಾಕಿ ಚೆನ್ನಾಗಿ ಕುಲುಕಿ ಸ್ವಲ್ಪ ಹೊತ್ತು ಬಿಡಬೇಕು. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವವು ನೂರಕ್ಕೆ 15ನ್ನು ಮೀರಿದೆಯೆಂದು ತಿಳಿದು ಪುನಃ ಒಣಗಿಸಬೇಕು. ಅಂಟದಿದ್ದರೂ ಇನ್ನೊಂದೆರಡು ದಿನದ ಬಿಸಿಲು ಕಾಣಿಸಿ ನೂರಕ್ಕೆ 12ರ ಸಮೀಪಕ್ಕೆ ತಂದು ತುಂಬುವುದು ಮೇಲು.

ಸಿಪ್ಪೆ ಸುಲಿಯುವ ಯಂತ್ರದಲ್ಲಿ ಕಾಳು ಒಡೆಯದಿರಲೆಂದೋ ತೂಕ ಬರಲೆಂದೋ ಒಣಗಿದ ಕಾಯಿಯ ಮೇಲೆ ನೀರು ಚಿಮುಕಿಸುವ ಅಭ್ಯಾಸವು ಕೆಲವು ಕಡೆ ಇದೆ. ಅನೇಕ ದಿನಗಳ ಬಿಸಿಲಿನ ಶ್ರಮವನ್ನು ಒಂದು ಕೊಡ ನೀರು ಕೆಡಿಸುತ್ತದೆ. ಈ ಅಭ್ಯಾಸವನ್ನು ಪೂರ್ತಿಯಾಗಿ ಬಿಡತಕ್ಕದ್ದು.

ಉಗ್ರಾಣದಲ್ಲಿ ಮಾಡತಕ್ಕ ಕೆಲಸ

ಒಣಗಿದ ಕಾಳಿನ ಮೇಲೆ ಯಾವ ಸೊಪ್ಪಿನ ಹಸಿರಸವನ್ನೂ ಸಿಂಪಡಿಸಕೂಡದು. ರಸವು ಎಷ್ಟೇ ಗುಣವುಳ್ಳದ್ದಾದರೂ ಅದರೊಡನೆ ಹೋಗುವ ನೀರೇ ಬೂಷ್ಟಿಗೆ ಊಟವಿಕ್ಕುವುದು. ಉಗ್ರಾಣದಲ್ಲಿ ಸಸ್ಯಗಳನ್ನು ಒಣಗಿದ ರೂಪದಲ್ಲಿಯೇ ಉಪಯೋಗಿಸಬೇಕು. ಕಾಳಿಗೆ ಮುಟ್ಟದಂತೆ ಚೀಲಕ್ಕೆ ರಸವನ್ನು ಹಿಡಿಸಬಹುದು.

ಹಳೆಯ ಗೋಣಿಚೀಲಗಳನ್ನು ಒಳಹೊರಗು ತಿರುವಿ ಕೊಡವಿ ಬಿಸಿಲಿಗೆ ಹಾಕಬೇಕು. ಒಂದು ಕಿಲೋಗ್ರಾಂ ಬೇವಿನ ಎಲೆಯನ್ನು ಜಜ್ಜಿ 10 ಲೀಟರ್ ನೀರಿನಲ್ಲಿ ರಾತ್ರಿಯೆಲ್ಲಾ ನೆನೆಯಿಟ್ಟು ಸೋಸಿದ ರಸದಲ್ಲಿ ಈ ಚೀಲಗಳನ್ನು ಕಾಲು ಗಂಟೆ ಅದ್ದಿ, ಹಿಂಡಿ, ಗರಿಗರಿಯಾಗಿ ಒಣಗಿಸಿ, ಅನಂತರ ಕಾಯಿ ತುಂಬಬೇಕು. ಬೇವಿನ ಎಲೆಯನ್ನು ಚೀಲಗಳ ನಡುವೆ ಹಾಸುವುದಾದರೆ ನೆರಳಿನಲ್ಲಿ ಒಣಗಿಸಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂತಿರುವ ಎಲೆಯನ್ನೇ ಹಾಸಬೇಕು. ಹಸಿ ಎಲೆಯನ್ನು ಹಾಸಿದವನು ಕಾವಲುಗಾರನ ಜೊತೆಯಲ್ಲಿ ಕಳ್ಳನನ್ನೂ ಒಳಕ್ಕೆ ಬಿಟ್ಟಂತಾಗುವುದು.

ಲವಂಗ, ಓಮ, ಮಜ್ಜಿಗೆಹುಲ್ಲುಗಳ ತೈಲಗಳು ಶಕ್ತಿಯುಳ್ಳವಾದರೂ ಬೆಲೆಯುಳ್ಳವು. ಕಾಳಿನ ಎಣ್ಣೆಯು ಇವುಗಳನ್ನು ಹೀರಿಕೊಳ್ಳುವುದರಿಂದ ಪ್ರಯೋಗಶಾಲೆಯ ತಟ್ಟೆಯಲ್ಲಿ ಸಾಕಾಗುವ ಪ್ರಮಾಣವು ಚೀಲದಲ್ಲಿ ಸಾಕಾಗದು. ಹೆಚ್ಚಿಸಿದರೆ ಕಾಳಿಗೆ ವಾಸನೆ ಹತ್ತಿ ಬೆಲೆ ಇಳಿಯುವುದು. ಬೆಳಕು ಗಾಳಿ ತಗುಲಿದರೆ ಇವುಗಳ ಗುಣವೂ ಹಾರಿಹೋಗುವುದು. ಆದಕಾರಣ ಇವನ್ನು ಬಿತ್ತನೆಗೆಂದು ಮುಚ್ಚಿದ ಡಬ್ಬದಲ್ಲಿಟ್ಟ ಸ್ವಲ್ಪ ಬೀಜಕ್ಕೆ ಮಾತ್ರ, ಹತ್ತಿಯಲ್ಲಿ ಅದ್ದಿಟ್ಟು, ಪ್ರಯೋಗಾರ್ಥವಾಗಿ ನೋಡಬಹುದು. ದತ್ತೂರಿ, ಲಂಟಾನ ಮೊದಲಾದ ಗಿಡಗಳ ರಸಗಳೂ ಬೂಷ್ಟನ್ನು ತಡೆಯುವುದುಂಟು. ಆದರೆ ಅವು ತಾವೇ ವಿಷವಾದ್ದರಿಂದ ಉಣ್ಣುವ ಕಾಳಿನ ಹತ್ತಿರಕ್ಕೂ ತರಕೂಡದು.

ಚೀಲಗಳನ್ನು ನೆಲದ ಮೇಲಿಡದೆ ಮರದ ಹಲಗೆ ದಿಮ್ಮಿಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಜೋಡಿಸಬೇಕು. ಸಾಧ್ಯವಾದ ಮಟ್ಟಿಗೆ ಕಾಳು ಸುಲಿಯದೆ ಕಾಯಿಯಾಗಿಯೇ ಇಡಬೇಕು. ಸಿಪ್ಪೆಯು ದೇವರು ಕೊಟ್ಟ ಚೀಲ. ನೆಲದ ಹಗೇವುಗಳಲ್ಲಿ ಜೋಳವನ್ನಿಡುವವರು ಒಳಗೋಡೆಯ ತೇವವನ್ನು ಪರೀಕ್ಷಿಸದೆ ತುಂಬಬಾರದು.

ಆರಿಸುವ ಕೆಲಸ

ಒಂದು ಚೀಲದ ಕಾಳಿನಲ್ಲಿ ವಿಷವು ಸಮವಾಗಿ ಹರಡಿರುವುದಿಲ್ಲ. ಬಹುಪಾಲು ಕಾಳು ಶುದ್ಧವಾಗಿದ್ದು, ಕೆಲವೇ ಕಾಳುಗಳಲ್ಲಿ ವಿಷವು ತುಂಬಿರುತ್ತದೆ. ಇದು ರೈತನಿಗೆ ಅನುಕೂಲವಾದ ಸಂಗತಿ. ಸುಕ್ಕಾದ, ಬಣ್ಣಗೆಟ್ಟ, ಒಡೆದ, ಬೂಷ್ಟಿನ ಕಾಳುಗಳನ್ನು ಕೈಯಿಂದ ಆರಿಸಿ ತೆಗೆದರೆ ವಿಷದ ಹೆಚ್ಚಿನ ಪಾಲು ಅವುಗಳೊಡನೆಯೇ ಹೋಗುವುದು. ಮೊರದ ಮುಂದೆ ಕುಳಿತು ಕಾಳು ಆರಿಸುವ ಹೆಂಗಸರ ಕೈಗಿಂತ ಅಗ್ಗವಾದ ಯಂತ್ರವು ಹಳ್ಳಿಯಲ್ಲಿ ಇನ್ನೊಂದಿಲ್ಲ. ಆದರೆ ಆ ಕೈಯ ಶ್ರಮವು ಸಾರ್ಥಕವಾಗಬೇಕಾದರೆ ಆರಿಸಿ ತೆಗೆದದ್ದು ಗಾಣಕ್ಕೂ ಹೋಗಕೂಡದು, ಕೋಳಿಗೂ ಹೋಗಕೂಡದು, ದನದ ಬಾನಿಗೂ ಹೋಗಕೂಡದು. ಅದನ್ನು ಸುಡತಕ್ಕದ್ದು ಅಥವಾ ಆಳವಾಗಿ ಹೂಳತಕ್ಕದ್ದು.

ಗ್ರಾಮದ ಮುಖಂಡರ ಹೊಣೆ

ಬೂಷ್ಟು ಒಬ್ಬ ರೈತನ ಕಣದಲ್ಲಿ ಹುಟ್ಟಿದರೂ ಅದರ ಫಲವನ್ನು ಉಣ್ಣುವವರು ಬೇರೆಯವರೂ ಆಗಿರುತ್ತಾರೆ. ಕಾಳನ್ನು ಕೂಲಿಯಾಗಿಯೋ ಆಯವಾಗಿಯೋ ಕೊಡುವ ರೂಢಿಯು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲಾ ಮಳೆಗೆ ಸಿಕ್ಕಿದ ಕಾಳನ್ನು ಪ್ರತ್ಯೇಕಿಸಿ ಆಳುಮಕ್ಕಳಿಗೆ ಅಳೆದುಕೊಡುವುದು ಒಂದು ಕೆಟ್ಟ ಮಿತವ್ಯಯ. 1974ರಲ್ಲಿಯೂ 1995ರಲ್ಲಿಯೂ ಸಂಕಟಪಟ್ಟವರು ಯಾರೆಂಬುದನ್ನು ಮೇಲೆ ಹೇಳಿದೆ. ತಾನು ಉಣ್ಣಲಾರದ ಕಾಳನ್ನು ತನ್ನ ಹೊಲದಲ್ಲಿ ದುಡಿದವನಿಗೆ ಕೊಡಬಾರದೆಂಬ ನಿಯಮವನ್ನು ಹಿರಿಯರು ತಾವೇ ಮೊದಲು ಪಾಲಿಸಿ ಊರಿಗೆ ತೋರಿಸಬೇಕು. ಸುಗ್ಗಿಯಲ್ಲಿ ಮಳೆ ಹಿಡಿದ ವರ್ಷ ಊರಿನ ದೇವಸ್ಥಾನದ ಅಂಗಳವನ್ನೋ ಶಾಲೆಯ ಜಗಲಿಯನ್ನೋ ಎಲ್ಲರ ಕಾಳೂ ಒಣಗುವುದಕ್ಕೆ ತೆರೆದಿಡಬೇಕು. ನಾಲ್ಕಾರು ದೊಡ್ಡ ತಾಡಪಾಲುಗಳನ್ನು ಊರಿನ ಲೆಕ್ಕದಲ್ಲಿ ಕೊಂಡಿಟ್ಟು, ಇಲ್ಲದವರಿಗೆ ಸರದಿಯಂತೆ ಕೊಡಿಸಬೇಕು. ನಾಯಿ ಕೋಳಿಗಳು ಗುಂಪಾಗಿ ಸಾಯುವುದು, ಒಂದೇ ಕೇರಿಯಲ್ಲಿ ಹಲವರಿಗೆ ಕಾಮಾಲೆ ಅಥವಾ ಹೊಟ್ಟೆ ಉಬ್ಬರ ಬರುವುದು ಕಂಡರೆ, ಉಣ್ಣುತ್ತಿರುವ ಕಾಳನ್ನು ಆ ದಿನವೇ ನಿಲ್ಲಿಸಿ, ಅದರ ಮಾದರಿಯೊಡನೆ ವೈದ್ಯರಿಗೂ ಕೃಷಿ ಅಧಿಕಾರಿಗಳಿಗೂ ತಿಳಿಸತಕ್ಕದ್ದು.

ಸಾರಾಂಶ

1. ಬೂಷ್ಟಿನ ವಿಷವು ಕಣ್ಣಿಗೆ ಕಾಣದು. ತೊಳೆದರೂ ಬೇಯಿಸಿದರೂ ಹೋಗದು. ಬಾರದಂತೆ ತಡೆಯುವುದೊಂದೇ ಮಾರ್ಗ.

2. ಬಿತ್ತನೆಗೆ ಮುಂಚೆ ಬೇವಿನ ಹಿಂಡಿಯನ್ನೂ ಕಳಿತ ಗೊಬ್ಬರವನ್ನೂ ಮಣ್ಣಿಗೆ ಕೊಡಿರಿ. ಹೂವಾಡುವಾಗ ಜಿಪ್ಸಂ ಹಾಕಿರಿ.

3. ಜೋಳದ ತೆನೆಗಳಿಗೆ ಬೇವಿನ ಬೀಜದ ಕಷಾಯವನ್ನು ಹುಳು ಬೀಳುವುದಕ್ಕೆ ಮುಂಚೆ, ಸಂಜೆಯಲ್ಲಿ ಸಿಂಪಡಿಸಿರಿ.

4. ಕಾಯಿಯನ್ನು ತಡಮಾಡದೆ ಗಿಲಿಗಿಲಿ ಎನ್ನುವವರೆಗೂ ಒಣಗಿಸಿರಿ. ಒಣಗಿದ ಮೇಲೆ ನೀರು ಮುಟ್ಟಿಸಬೇಡಿರಿ.

5. ಚೀಲಗಳನ್ನು ಬೇವಿನ ರಸದಲ್ಲಿ ಅದ್ದಿ ಪೂರ್ತಿಯಾಗಿ ಒಣಗಿಸಿ ಉಪಯೋಗಿಸಿರಿ. ಕಾಳಿನೊಡನೆ ಹಸಿ ಎಲೆಯನ್ನೂ ಹಸಿರಸವನ್ನೂ ಬೆರಸಬೇಡಿರಿ.

6. ಕೆಟ್ಟ ಕಾಳನ್ನು ಆರಿಸಿ ಸುಟ್ಟುಬಿಡಿರಿ. ಅದನ್ನು ಮನೆಯವರಿಗೂ, ಆಳುಗಳಿಗೂ, ದನಕರುಗಳಿಗೂ ಕೊಡಬೇಡಿರಿ.

ಬೇವಿನ ಮರವು ಇಲ್ಲದ ಊರು ಬಯಲುಸೀಮೆಯಲ್ಲಿ ಅಪರೂಪ. ಬಿಸಿಲಿಗೂ ಇಲ್ಲಿ ಕೊರತೆಯಿಲ್ಲ. ಈ ಎರಡನ್ನೂ ಹೊತ್ತಿಗೆ ಸರಿಯಾಗಿ ಉಪಯೋಗಿಸಿಕೊಂಡ ರೈತನ ಕಾಳು ಪೇಟೆಯಲ್ಲಿ ಮರ್ಯಾದೆಯನ್ನೂ ಮನೆಯಲ್ಲಿ ಆರೋಗ್ಯವನ್ನೂ ತರುವುದು.